ಹಾಕಿದ ದಿನ ಯಾರೂ ಓದದ ಲೇಖನದ ಬಗ್ಗೆ

(ಹೊಸದಾಗಿ ಬರೆಯೋಕೆ ಶುರು ಮಾಡಿದವರ ಒಂದು ಕೂಟದಲ್ಲಿ ಮಾತಾಡಿದ್ದು ಇದು. ಹೆಚ್ಚುಕಮ್ಮಿ ಮಾತಾಡಿದ ಹಾಗೇ ಬರೆದಿದೀನಿ, ಕೊನೇಲಿ ಕೇಳಿದ ಪ್ರಶ್ನೆಗಳಿಗೆ ಕೊಟ್ಟ ಉತ್ತರಗಳನ್ನ ಮಧ್ಯಮಧ್ಯದಲ್ಲೇ ಸೇರಿಸಿಬಿಟ್ಟಿದೀನಿ.)

ಎಲ್ರಿಗೂ ನಮಸ್ಕಾರ. ನೇರ ವಿಷಯಕ್ಕೇ ಬರ್ತೀನಿ. ನನ್ನ ಸೈಟಲ್ಲಿ ಒಂದು ಲೇಖನ ಇದೆ, ಹಳೇ ಫೋಟೋಗಳನ್ನ ಮನೇಲೇ ಸ್ಕ್ಯಾನ್ ಮಾಡಿ ಇಟ್ಕೊಳ್ಳೋದು ಹೇಗೆ ಅಂತ. ಬರೆಯೋಕೆ ಎರಡು ತಿಂಗಳು ಹಿಡೀತು. ಹಾಕಿದ ದಿನ ಓದಿದವರು ಬೆರಳೆಣಿಕೆ ಜನ, ಅದ್ರಲ್ಲೂ ಅರ್ಧ ನನ್ನ ಫ್ರೆಂಡ್ಸೇ. ಅದೇ ವಾರ ಯಾವ್ದೋ ಒಂದು ಗಲಾಟೆ ಬಗ್ಗೆ ಅರ್ಧ ಗಂಟೇಲಿ ಬರೆದು ಹಾಕಿದ ಪೋಸ್ಟನ್ನ ಜನ ಮುಗಿಬಿದ್ದು ಓದಿದ್ರು, ಶೇರ್ ಮಾಡಿದ್ರು, ಕೆಳಗಡೆ ಜಗಳ ಆಡಿದ್ರು. ಇವತ್ತು ಆ ಪೋಸ್ಟಲ್ಲಿ ಏನ್ ಬರೆದಿದ್ದೆ ಅಂತ ನನಗೇ ನೆಟ್ಟಗೆ ನೆನಪಿಲ್ಲ. ಫೋಟೋ ಲೇಖನ ಮಾತ್ರ ಆರು ವರ್ಷ ಆದ್ರೂ ದಿನಾ ಯಾರಾದ್ರೂ ಓದ್ತಾನೇ ಇದಾರೆ, ನಡುರಾತ್ರಿ ಓದಿ ಮೇಲ್ ಬರೆದವರೂ ಇದಾರೆ. ಇವತ್ತು ನಾನು ಹೇಳೋದೆಲ್ಲ ಆ ಒಂದು ಲೇಖನ ನನಗೆ ಕಲಿಸಿದ್ದೇ.

ಮೊದಲು ಓದೋರ ವಿಷಯ. ಇಂಟರ್ನೆಟ್ಟಲ್ಲಿ ನಮ್ಮನ್ನ ಓದೋರು ಎರಡು ಥರ ಬರ್ತಾರೆ. ಒಬ್ರು ಸುಮ್ನೆ ಫೋನ್ ಮೇಲೆ ಬೆರಳು ಆಡಿಸ್ತಾ ಇರ್ತಾರೆ, ನಮ್ಮ ಪೋಸ್ಟ್ ಎದುರಿಗೆ ತೇಲಿ ಬರತ್ತೆ, ಚೆನ್ನಾಗಿದ್ರೆ ನಿಂತು ಓದ್ತಾರೆ, ಇಲ್ಲಾಂದ್ರೆ ಮುಂದಕ್ಕೆ. ಇನ್ನೊಬ್ರು ಹುಡುಕ್ಕೊಂಡು ಬರ್ತಾರೆ. ಹುಡುಕ್ಕೊಂಡು ಬರೋರ ಕೈಯಲ್ಲಿ ಏನೋ ಒಂದು ತೊಂದ್ರೆ ಇರತ್ತೆ. ನನಗೆ ಮೊದಲು ಮೇಲ್ ಬರೆದ ಓದುಗರೊಬ್ಬರು ಅಪ್ಪ ತೀರಿಕೊಂಡ ಮೇಲೆ ಅಪ್ಪ ಅಮ್ಮನ ಮದುವೆ ಫೋಟೋನ ಫ್ರೇಮಿಂದ ತೆಗೆಯೋಕೆ ಹೋಗಿ, ಅದು ಗ್ಲಾಸಿಗೆ ಅಂಟ್ಕೊಂಡಿರೋದು ಗೊತ್ತಾಗಿ, ಒಂದು ಮೂಲೆ ಸ್ವಲ್ಪ ಕಿತ್ತು ಬಂದ ತಕ್ಷಣ ಕೈ ನಿಲ್ಲಿಸಿ, ಆ ಫ್ರೇಮನ್ನ ಹಾಗೇ ಮಂಚದ ಮೇಲೆ ಇಟ್ಟು ಫೋನ್ ತೆಗೆದು ಹುಡುಕ್ತಾ ಇದ್ರಂತೆ. ಅಷ್ಟೊತ್ತಿಗೆ ನನ್ನ ಲೇಖನದಲ್ಲಿ ಗ್ಲಾಸಿಗೆ ಅಂಟಿದ ಫೋಟೋ ಬಗ್ಗೆ ಒಂದು ಸಾಲೂ ಇರಲಿಲ್ಲ. ಅವರು ಅಷ್ಟುದ್ದ ಓದಿ, ತಮಗೆ ಬೇಕಾಗಿದ್ದು ಸಿಗದೆ, ಮರ್ಯಾದೆಯಿಂದ ಒಂದು ಮೇಲ್ ಬರೆದು ಕೇಳಿದ್ರು. ಆ ಮೇಲ್ ಇನ್ನೂ ಇಟ್ಕೊಂಡಿದೀನಿ.

ಆವತ್ತು ನನಗೆ ತಲೆಗೆ ಹೋಗಿದ್ದು ಇಷ್ಟು. ಲೇಖನದ ಆಳ ಅನ್ನೋದು ಎಷ್ಟುದ್ದ ಬರೆದ್ವಿ ಅನ್ನೋದರಲ್ಲಿ ಇಲ್ಲ. ಓದ್ತಾ ಇರೋರಿಗೆ ಒಂದು ಸಾಲು ಓದಿದ ಮೇಲೆ ಮನಸ್ಸಲ್ಲಿ ಏಳೋ ಮುಂದಿನ ಪ್ರಶ್ನೆ ಇದ್ಯಲ್ಲ, ಅದು ಏಳೋ ಜಾಗದಲ್ಲೇ ಅದಕ್ಕೆ ಉತ್ತರ ಇದ್ಯಾ ಅನ್ನೋದರಲ್ಲಿ ಇದೆ. ನನ್ನ ಲೇಖನ ಉದ್ದವಾಗಿತ್ತು, ಆದ್ರೆ ಆ ಜಾಗದಲ್ಲಿ ತೂತಾಗಿತ್ತು.

ಉದ್ದದ ಮೇಲೆ ಯಾಕಿಷ್ಟು ಮೋಹ ಅಂತ ಕೇಳಿದ್ರೆ ಅದಕ್ಕೊಂದು ಹಿನ್ನೆಲೆ ಇದೆ. ಒಂದು ಕಾಲದಲ್ಲಿ ಸರ್ಚಲ್ಲಿ ಬರಲಿ ಅಂತಾನೇ ದಿನಕ್ಕೆ ಸಾವಿರಗಟ್ಟಲೆ ತೆಳು ಲೇಖನ ಬರೆಸಿ ತುಂಬೋ ಸೈಟುಗಳಿದ್ವು. 2011ರ ಫೆಬ್ರವರಿಯಲ್ಲಿ ಗೂಗಲ್ ಪಾಂಡಾ ಅನ್ನೋ ಬದಲಾವಣೆ ತಂತು, ಅಮೆರಿಕದ ಹುಡುಕಾಟಗಳಲ್ಲಿ ಸುಮಾರು ಶೇಕಡ 11.8ರಷ್ಟರ ಫಲಿತಾಂಶದ ಮೇಲೆ ಪರಿಣಾಮ ಆಗತ್ತೆ ಅಂತ ಅವರೇ ಹೇಳಿದ್ರು, ಆ ಥರದ ಸೈಟುಗಳು ಕೆಳಗೆ ಬಿದ್ವು. ಅಲ್ಲಿಂದ ಜನ ಏನ್ ಅರ್ಥ ಮಾಡ್ಕೊಂಡ್ರು ಅಂದ್ರೆ, ಓಹೋ, ಚಿಕ್ಕದು ಕೆಟ್ಟದ್ದು, ದೊಡ್ಡದು ಒಳ್ಳೇದು ಅಂತ. ಎರಡು ಸಾವಿರ ಪದ ಇರಲೇಬೇಕು ಅನ್ನೋ ಮಾತು ಹಬ್ಬಿದ್ದು ಹಾಗೆ. ಪದಗಳ ಲೆಕ್ಕಕ್ಕೆ ಅಂಕ ಇಲ್ಲ ಅಂತ ಗೂಗಲ್ನೋರು ಎಷ್ಟೋ ಸಲ ಹೇಳಿದಾರೆ, ಆದ್ರೂ ನೀರು ಸೇರಿಸೋದು ನಿಂತಿಲ್ಲ. ಸ್ಕ್ಯಾನರ್ ಯಾವ ಸೆಟ್ಟಿಂಗಲ್ಲಿ ಇಡಬೇಕು ಅಂತ ಕೇಳಿದೋರಿಗೆ ಫೋಟೋಗ್ರಫಿಯ ಇತಿಹಾಸದಿಂದ ಶುರು ಮಾಡ್ತಾರೆ. ನಾನೂ ಮೊದಲ ಡ್ರಾಫ್ಟಲ್ಲಿ ನೆನಪುಗಳು ಅಮೂಲ್ಯ ಅಂತ ಮೂರು ಪ್ಯಾರಾ ಬರೆದಿದ್ದೆ. ಮಂಚದ ಮೇಲೆ ಫ್ರೇಮ್ ಇಟ್ಕೊಂಡು ಕೂತಿರೋರಿಗೆ ನೆನಪು ಅಮೂಲ್ಯ ಅಂತ ನಾನು ಹೇಳಿಕೊಡಬೇಕಾ? ಆ ಮೂರೂ ಪ್ಯಾರಾ ಹೊಡೆದುಹಾಕಿದೆ.

ಇನ್ನೊಂದು ಮಾತು, ಕನ್ನಡದಲ್ಲಿ ಪದ ಎಣಿಸೋದಕ್ಕೆ ಅರ್ಥವೇ ಇಲ್ಲ. ಇಂಗ್ಲಿಷ್ ಓದೋ ದೊಡ್ಡೋರು ನಿಮಿಷಕ್ಕೆ ಸರಾಸರಿ 238 ಪದ ಓದ್ತಾರೆ ಅಂತ 2019ರ ಒಂದು ದೊಡ್ಡ ವಿಶ್ಲೇಷಣೆ ಹೇಳತ್ತೆ, ಆ ಲೆಕ್ಕ ಹಿಡ್ಕೊಂಡು ಐದು ನಿಮಿಷದ ಓದು, ಏಳು ನಿಮಿಷದ ಓದು ಅಂತ ಮೇಲೆ ಹಾಕ್ತಾರೆ. ನಮ್ಮಲ್ಲಿ "ಅಂಟಿಕೊಂಡಿದ್ದರಿಂದಲೇ" ಅನ್ನೋದು ಒಂದೇ ಪದ. ಅಲ್ಲಿಯ ಗಡಿಯಾರ ಇಲ್ಲಿಗೆ ಹೊಂದಲ್ಲ, ಬಿಟ್ಟುಬಿಡಿ ಅದನ್ನ.

ಸರಿ, ಮುಂದಿನ ಪ್ರಶ್ನೆ ಅಂದ್ನಲ್ಲ, ಅದು ನಿಜವಾಗ್ಲೂ ಹೇಗೆ ಕೆಲಸ ಮಾಡತ್ತೆ ಅಂತ ಒಂದೇ ಒಂದು ಸಾಲು ತಗೊಂಡು ತೋರಿಸ್ತೀನಿ. ಮೊದಲ ಡ್ರಾಫ್ಟಲ್ಲಿ ನಾನು ಬರೆದಿದ್ದು: "ಫೋಟೋಗಳನ್ನು 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ." ಸರಿಯಾದ ಸಲಹೆ, ತಪ್ಪೇನಿಲ್ಲ, ಎಲ್ಲಾ ಕಡೆ ಇರೋದೂ ಅದೇ. ಡ್ರಾಫ್ಟ್ ಓದಿದ ಗೆಳತಿ ಪಕ್ಕದಲ್ಲಿ ಪೆನ್ನಲ್ಲಿ ಬರೆದ್ಲು, "ಯಾಕೆ 600? 1200 ಇಟ್ರೆ ಇನ್ನೂ ಚೆನ್ನಾಗಿ ಬರಲ್ವಾ?" ನನ್ನ ಹತ್ರ ಉತ್ತರ ಇರಲಿಲ್ಲ. ಎಲ್ಲೋ ಓದಿದ್ದೆ, ಹಾಗೇ ಬರೆದಿದ್ದೆ, ಅಷ್ಟೇ.

ಕೂತು ಲೆಕ್ಕ ಹಾಕಿದೆ. ಡಿಪಿಐ ಅಂದ್ರೆ ಒಂದು ಇಂಚಿಗೆ ಎಷ್ಟು ಚುಕ್ಕೆ ಅಂತ. ನಾಲ್ಕು ಇಂಚು ಅಗಲ ಆರು ಇಂಚು ಉದ್ದದ ಫೋಟೋ 600ರಲ್ಲಿ ಮಾಡಿದ್ರೆ 2400 ಬೈ 3600 ಚುಕ್ಕೆ, ಅಂದ್ರೆ ಸುಮಾರು 86 ಲಕ್ಷ. ಒಂದೊಂದು ಚುಕ್ಕೆಗೂ ಮೂರು ಬೈಟು ಬಣ್ಣ, ಒಟ್ಟು ಹತ್ತಿರ ಹತ್ತಿರ 26 ಎಂಬಿ. ಅದೇ 1200 ಇಟ್ರೆ ಎರಡರಷ್ಟಾಗಲ್ಲ, ನಾಲ್ಕರಷ್ಟಾಗತ್ತೆ, ಒಂದೊಂದು ಫೋಟೋಗೂ ನೂರು ಎಂಬಿ ಮೇಲೆ. ಆಮೇಲೆ ಒಂದೇ ಫೋಟೋನ ಎರಡೂ ಥರ ಸ್ಕ್ಯಾನ್ ಮಾಡಿ ಕಣ್ಣು, ಸೀರೆ ಅಂಚು, ಹಿಂದಿನ ಗೋಡೆ ಎಲ್ಲಾ ದೊಡ್ಡದು ಮಾಡಿ ಪಕ್ಕಪಕ್ಕ ಇಟ್ಟು ನೋಡಿದೆ. ಫೈಲು ದೊಡ್ಡದಾಗಿತ್ತೇ ಹೊರತು ಮುಖ ಸ್ಪಷ್ಟ ಆಗಿರಲಿಲ್ಲ, ಯಾಕಂದ್ರೆ ಸಾಮಾನ್ಯ ಪ್ರಿಂಟಿನ ಕಾಗದದಲ್ಲಿ ಅದಕ್ಕಿಂತ ಹೆಚ್ಚಿನ ವಿವರ ಇರೋದೇ ಅಪರೂಪ. ಹಾಗಾದ್ರೆ 1200 ಯಾವಾಗ ಬೇಕು? ಪಾಸ್‌ಪೋರ್ಟ್ ಸೈಜಿನ ಪುಟ್ಟ ಫೋಟೋ ಒಂದೇ ಉಳಿದಿದೆ, ಅದನ್ನ ದೊಡ್ಡದು ಮಾಡಿಸಿ ಗೋಡೆಗೆ ಹಾಕ್ಬೇಕು ಅಂದಾಗ ಬೇಕು. ನೆಗೆಟಿವ್ ಆದ್ರೆ? ಅಲ್ಲಿ ಕಥೆನೇ ಬೇರೆ, 35 ಎಂಎಂ ನೆಗೆಟಿವಿನ ಒಂದು ಚಿತ್ರ 24 ಬೈ 36 ಮಿಲಿಮೀಟರ್ ಅಷ್ಟೇ ಇರತ್ತೆ, 600ರಲ್ಲಿ ಮಾಡಿದ್ರೆ ಸುಮಾರು 567 ಬೈ 850 ಚುಕ್ಕೆ ಸಿಗತ್ತೆ, ಫೋನ್ ಪರದೆಗೂ ಸಾಕಾಗಲ್ಲ, ಅಲ್ಲಿ 2400ಕ್ಕಿಂತ ಮೇಲೆ ಹೋಗ್ಲೇಬೇಕು.

ನೋಡಿ, ಒಂದು ಸಾಲು ಎರಡು ಪ್ಯಾರಾ ಆಯ್ತು. ಉದ್ದ ಆಯ್ತು, ಆದ್ರೆ ನೀರು ಸೇರಿಸಿದ್ದಲ್ಲ. ಓದಿದೋರು ಇನ್ನು ನನ್ನನ್ನ ಕೇಳಬೇಕಾಗಿಲ್ಲ, ತಮ್ಮ ಕೈಲಿರೋ ಫೋಟೋ ನೋಡಿ ತಾವೇ ನಿರ್ಧಾರ ಮಾಡ್ಬಹುದು. ನನಗೆ ಉದ್ದವನ್ನ ಅಳೆಯೋಕೆ ಇರೋ ಕೋಲು ಇದೊಂದೇ, ಈ ಪ್ಯಾರಾ ಓದಿದ ಮೇಲೆ ಓದುಗರು ಏನಾದ್ರೂ ಒಂದನ್ನ ತಾವಾಗೇ ಮಾಡ್ಬಹುದಾ, ತಿಳ್ಕೊಬಹುದಾ? ಇಲ್ಲಾಂದ್ರೆ ತೆಗೆದುಬಿಡಿ.

ಇದಕ್ಕೆ ಉಲ್ಟಾ ಇನ್ನೊಂದು ರೋಗ ಇದೆ. ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಬರೆಯೋದು. "ಇದು ನಿಮ್ಮ ಅಗತ್ಯಕ್ಕೆ ತಕ್ಕಂತೆ ಬದಲಾಗುತ್ತದೆ, ತಜ್ಞರ ಸಲಹೆ ಪಡೆಯಿರಿ." ಹೌದು, ಬದಲಾಗತ್ತೆ, ಆದ್ರೆ ಯಾವ ಅಗತ್ಯಕ್ಕೆ ಏನು ಅಂತ ಹೇಳಿ. ನಿಮಗೆ ಗೊತ್ತಿದ್ದೂ ತಪ್ಪಾದ್ರೆ ಅಂತ ಹೆದರಿ ಹಾಗೆ ಬರೆದ್ರೆ, ಹುಡುಕ್ಕೊಂಡು ಬಂದೋರು ಬಂದ ದಾರೀಲೇ ವಾಪಸ್ ಹೋಗ್ತಾರೆ, ಇನ್ನೊಂದು ಸಲ ನಿಮ್ಮ ಹೆಸರು ನೋಡಿದ್ರೆ ಒತ್ತಲ್ಲ.

ಆ ಮೇಲ್‌ಗೆ ವಾಪಸ್ ಬರ್ತೀನಿ. ಗ್ಲಾಸಿಗೆ ಅಂಟಿದ ಫೋಟೋ. ನನಗೆ ಗೊತ್ತಿರಲಿಲ್ಲ, ಗೊತ್ತಿಲ್ಲ ಅಂತಾನೇ ಅವರಿಗೆ ಬರೆದೆ, ಕೀಳೋಕೆ ಮಾತ್ರ ಹೋಗಬೇಡಿ, ಎರಡು ವಾರ ಟೈಮ್ ಕೊಡಿ ಅಂದೆ. ಹಳೇ ಕಾಗದಪತ್ರ, ಫೋಟೋ ಕಾಪಾಡೋ ಕೆಲಸ ಮಾಡೋರು ಏನ್ ಹೇಳ್ತಾರೆ ಅಂತ ಓದಿದೆ, ಎಲ್ಲರೂ ಹೇಳೋದು ಒಂದೇ, ಎಳೀಬೇಡಿ, ಗ್ಲಾಸ್ ಸಮೇತ ಪ್ರತಿ ತೆಗೀರಿ. ಅಷ್ಟನ್ನೇ ಬರೆದು ಕೈ ತೊಳ್ಕೊಬಹುದಿತ್ತು. ಆದ್ರೆ ನಮ್ಮನೇಲೂ ಅಂಥದ್ದೇ ಒಂದು ಫೋಟೋ ಇತ್ತು, ಅದನ್ನ ಗ್ಲಾಸ್ ಸಮೇತ ನನ್ನ ಸ್ಕ್ಯಾನರ್ ಮೇಲೆ ಇಟ್ಟೆ. ಮಸುಕು. ಮತ್ತೆ ಒರೆಸಿ ಇಟ್ಟೆ, ಮತ್ತೆ ಮಸುಕು. ಆಮೇಲೆ ಗೊತ್ತಾಗಿದ್ದು, ತೆಳ್ಳಗಿರೋ ಸ್ಕ್ಯಾನರ್ಗಳಲ್ಲಿ ಸಾಮಾನ್ಯವಾಗಿ ಸಿಐಎಸ್ ಅನ್ನೋ ಸೆನ್ಸರ್ ಇರತ್ತೆ, ಅದಕ್ಕೆ ಗಾಜಿಗೆ ತಾಗಿಕೊಂಡಿರೋದು ಮಾತ್ರ ಸ್ಪಷ್ಟ ಕಾಣೋದು, ಫ್ರೇಮಿನ ಗ್ಲಾಸಿನ ದಪ್ಪದಷ್ಟು ದೂರ ಆದ್ರೂ ಮಂಜಾಗತ್ತೆ. ಸ್ವಲ್ಪ ದಪ್ಪನೆಯ, ಸಿಸಿಡಿ ಸೆನ್ಸರಿನ ಸ್ಕ್ಯಾನರಲ್ಲಿ ಆ ತೊಂದ್ರೆ ಕಮ್ಮಿ. ಅದಿಲ್ಲದೋರು ಕ್ಯಾಮೆರಾದಲ್ಲಿ ನೇರ ಮೇಲಿಂದ ಫೋಟೋ ತೆಗೀಬೇಕು, ಲೈಟು ಎದುರಿಗೆ ಇರಬಾರದು, ಎರಡೂ ಪಕ್ಕದಿಂದ ಓರೆಯಾಗಿ, ಸುಮಾರು 45 ಡಿಗ್ರಿಯಲ್ಲಿ ಬೀಳಬೇಕು, ಆಗ ಗ್ಲಾಸ್ ಹೊಳೆಯಲ್ಲ. ರೂಮಿನ ಬೇರೆ ಲೈಟೆಲ್ಲ ಆರಿಸಬೇಕು, ತೆಗೆಯೋರು ಗಾಢ ಬಣ್ಣದ ಬಟ್ಟೆ ಹಾಕ್ಕೋಬೇಕು, ಇಲ್ಲಾಂದ್ರೆ ಅವರ ನೆರಳೇ ಗ್ಲಾಸಲ್ಲಿ ಕಾಣತ್ತೆ. ಈ ಕೊನೇದನ್ನ ನಾನು ಯಾವ ಪುಟದಲ್ಲೂ ಓದಿ ಕಲಿತಿದ್ದಲ್ಲ, ನನ್ನ ಬಿಳಿ ಅಂಗಿ ಅಜ್ಜಿಯ ಮುಖದ ಮೇಲೆ ಕಂಡಾಗ ಗೊತ್ತಾಗಿದ್ದು.

ಇವತ್ತು ಆ ಲೇಖನದಲ್ಲಿ ಜನ ಅತಿ ಹೆಚ್ಚು ಓದೋದು ಈ ಭಾಗವನ್ನೇ. ಮೊದಲ ದಿನ ಇಲ್ಲದೇ ಇದ್ದ ಭಾಗ.

2022ರ ಡಿಸೆಂಬರಲ್ಲಿ ಗೂಗಲ್ ತನ್ನ ಸರ್ಚ್ ಫಲಿತಾಂಶಗಳ ಗುಣಮಟ್ಟ ನೋಡೋರಿಗೆ ಕೊಡೋ ಕೈಪಿಡಿಯಲ್ಲಿ ಪರಿಣತಿ, ಅಧಿಕೃತತೆ, ನಂಬಿಕೆ ಅನ್ನೋ ಮೂರರ ಜೊತೆ ಅನುಭವ ಅನ್ನೋದನ್ನೂ ಸೇರಿಸ್ತು, ಅಂದ್ರೆ ಬರೆದೋರು ಆ ಕೆಲಸವನ್ನ ಕೈಯಾರೆ ಮಾಡಿದಾರಾ ಅಂತ. ನಾನು ಗೂಗಲ್ ಮೆಚ್ಚಿಸೋಕೆ ಬರೀರಿ ಅಂತ ಹೇಳ್ತಿಲ್ಲ. ಆದ್ರೆ ಕೈಯಾರೆ ಮಾಡಿದ್ದಕ್ಕೂ ಓದಿ ಬರೆದಿದ್ದಕ್ಕೂ ಇರೋ ವ್ಯತ್ಯಾಸ ಓದುಗರಿಗೆ ಎರಡು ಸಾಲಲ್ಲಿ ಗೊತ್ತಾಗಿಬಿಡತ್ತೆ, ಅದು ಮಾತ್ರ ನಿಜ.

ಈಗ ಇದು ಇನ್ನೂ ಮುಖ್ಯ. ಹುಡುಕಿದ ತಕ್ಷಣ ಮೇಲ್ಗಡೆ ಎಐ ಬರೆದ ಸಾರಾಂಶ ಬಂದುಬಿಡತ್ತೆ, ಗೂಗಲ್ 2024ರ ಮೇ ತಿಂಗಳಿಂದ ಅಮೆರಿಕದಲ್ಲಿ ಎಲ್ಲರಿಗೂ ಶುರು ಮಾಡ್ತು. ಪ್ಯೂ ರಿಸರ್ಚ್ ಸೆಂಟರ್ ಅನ್ನೋ ಅಮೆರಿಕದ ಸಮೀಕ್ಷಾ ಸಂಸ್ಥೆಯೋರು 2025ರ ಮಾರ್ಚಲ್ಲಿ ಅಮೆರಿಕದವರ ಹುಡುಕಾಟ ನೋಡಿ ಹೇಳಿದ್ದು, ಸಾರಾಂಶ ಬಂದಾಗ ಕೆಳಗಿನ ಮಾಮೂಲಿ ಲಿಂಕ್ ಒತ್ತಿದ್ದು ಶೇಕಡ 8ರಷ್ಟು ಸಲ, ಸಾರಾಂಶ ಇಲ್ಲದಾಗ ಶೇಕಡ 15ರಷ್ಟು. ಹತ್ತಿರ ಹತ್ತಿರ ಅರ್ಧ. "600 ಡಿಪಿಐ ಸಾಕು" ಅಂತ ತಿಳ್ಕೊಳೋಕೆ ಇನ್ಮೇಲೆ ಯಾರೂ ನಮ್ಮ ಪುಟಕ್ಕೆ ಬರಲ್ಲ, ಅದನ್ನ ಒಪ್ಪಿಕೊಳ್ಳೋಣ. ಆದ್ರೆ ಆ ಸಾರಾಂಶ ಓದಿ ಅದೇ ಥರ ಮಾಡಿ ಮಸುಕು ಬಂದಾಗ ಯಾಕೆ ಅಂತ ಹುಡುಕೋರು ಬರ್ತಾರೆ. ಬಂದೋರು ಕಮ್ಮಿ, ಆದ್ರೆ ಪೂರ್ತಿ ಓದ್ತಾರೆ. ನನಗೆ ಈಗ ಬರ್ತಿರೋ ಮೇಲ್‌ಗಳು ಮೊದಲಿಗಿಂತ ಉದ್ದ ಇರತ್ತೆ, ಪ್ರಶ್ನೆಗಳೂ ಕಷ್ಟದ್ದೇ.

ಒಬ್ಬರು ಕೇಳಿದ್ರು, ಹಾಗಾದ್ರೆ ಯಾವ ವಿಷಯದ ಮೇಲೆ ಬರೀಬೇಕು ಅಂತ. ನನ್ನ ಉತ್ತರ ಚಿಕ್ಕದು. ನೀವು ಫೋನಲ್ಲಿ ಮೂರು ಬೇರೆ ಬೇರೆ ಜನಕ್ಕೆ ಒಂದೇ ವಿಷಯ ವಿವರಿಸಿದೀರಿ ಅಂದ್ರೆ, ಅದೇ ನಿಮ್ಮ ವಿಷಯ. ಮೂರನೇ ಸಲ ಹೇಳೋ ಹೊತ್ತಿಗೆ ಎಲ್ಲಿ ಜನ ತಡವರಿಸ್ತಾರೆ ಅಂತ ನಿಮಗೆ ಗೊತ್ತಾಗಿರತ್ತೆ. ಫೋನ್ ಇಟ್ಟ ತಕ್ಷಣ ಅವರು ಕೇಳಿದ ಪ್ರಶ್ನೆಗಳನ್ನ ಅವರ ಮಾತಲ್ಲೇ ಬರ್ಕೊಳ್ಳಿ. ಅವರ ಮಾತಲ್ಲೇ ಅನ್ನೋದು ಮುಖ್ಯ, ಯಾಕಂದ್ರೆ ಕನ್ನಡದಲ್ಲಿ ಬರೆಯೋಕೆ ಕೂತ ತಕ್ಷಣ ನಮ್ಮ ಕೈ ಗ್ರಂಥದ ಕಡೆ ಹೋಗತ್ತೆ. ನಾನು ಮೊದಲು ಇಟ್ಟಿದ್ದ ಟೈಟಲ್ "ಛಾಯಾಚಿತ್ರಗಳ ಡಿಜಿಟಲೀಕರಣ ಮತ್ತು ಸಂರಕ್ಷಣೆ". ಯಾರ್ ರೀ ಹೀಗೆ ಹುಡುಕ್ತಾರೆ? ಗಾಬರಿಯಾದ ಮನುಷ್ಯ ಟೈಪ್ ಮಾಡೋದು "ಹಳೇ ಫೋಟೋ ಗ್ಲಾಸಿಗೆ ಅಂಟ್ಕೊಂಡಿದೆ ಏನ್ ಮಾಡೋದು" ಅಂತ. ಅದ್ರಲ್ಲೂ ಒಬ್ರು ಫೋಟೋ ಅಂತಾರೆ, ಒಬ್ರು ಫೋಟೊ, ಇನ್ನೊಬ್ರು ಪೋಟೋ. ಎಲ್ಲವನ್ನೂ ಟೈಟಲಲ್ಲಿ ತುರುಕಬೇಡಿ, ಅಸಹ್ಯ ಕಾಣತ್ತೆ. ಆದ್ರೆ ಒಳಗಿನ ಸಬ್‌ಹೆಡಿಂಗ್ಗಳನ್ನ ಜನ ಮಾತಾಡೋ ಪೂರ್ತಿ ವಾಕ್ಯದಲ್ಲಿ ಬರೀರಿ. "ಸಂಸ್ಕರಣೆ" ಅಂತ ಒಂದು ಪದ ಇಡೋ ಬದಲು "ಅಂಟು ಆಲ್ಬಮ್ಮಿಂದ ಫೋಟೋ ಹರಿಯದ ಹಾಗೆ ಬಿಡಿಸೋದು" ಅಂತ ಇಡಿ.

ಸಬ್‌ಹೆಡಿಂಗ್ ಬಗ್ಗೆ ಯಾಕಿಷ್ಟು ಹೇಳ್ತೀನಿ ಅಂದ್ರೆ, ಜನ ವೆಬ್ ಪುಟವನ್ನ ಮೇಲಿಂದ ಕೆಳಗೆ ಪ್ರತಿ ಪದ ಓದಲ್ಲ. ಇದು ಹೊಸ ಕಾಲದ ಸೋಮಾರಿತನ ಅಂತ ಬೈತಾರೆ, ಅದು ಸರಿಯಲ್ಲ. ಜನ ವೆಬ್ ಪುಟಗಳನ್ನ ಹೇಗೆ ಬಳಸ್ತಾರೆ ಅಂತ ಅಧ್ಯಯನ ಮಾಡೋ ಜೇಕಬ್ ನೀಲ್ಸನ್ 1997ರಲ್ಲೇ ಪರೀಕ್ಷೆ ಮಾಡಿ ಹೇಳಿದ್ದು, ಹೊಸ ಪುಟ ಕಂಡಾಗ ಶೇಕಡ 79ರಷ್ಟು ಜನ ಕಣ್ಣಾಡಿಸ್ತಾರೆ, ಪದಪದ ಓದೋರು ಶೇಕಡ 16 ಮಾತ್ರ ಅಂತ. ಆಗ ಸ್ಮಾರ್ಟ್‌ಫೋನ್ ಎಲ್ಲಿತ್ತು! ಕಣ್ಣಾಡಿಸೋದು ಅಂದ್ರೆ ತಾತ್ಸಾರ ಅಲ್ಲ, ತನಗೆ ಬೇಕಾಗಿರೋದು ಇಲ್ಲಿದ್ಯಾ ಅಂತ ನೋಡೋದು. ಇದೆ ಅಂತ ಖಾತ್ರಿ ಆದ್ರೆ ಅದೇ ಮನುಷ್ಯ ನಿಂತು, ಕೂತು, ಇಡೀ ಲೇಖನ ಓದ್ತಾನೆ. ಹಾಗಾಗಿ ಮೊದಲ ಎರಡು ಪ್ಯಾರಾದಲ್ಲೇ ಇದು ಯಾರಿಗೆ, ಏನೇನು ಇದೆ, ಏನಿಲ್ಲ ಅಂತ ಹೇಳಿಬಿಡಿ. ಏನಿಲ್ಲ ಅಂತ ಹೇಳೋದನ್ನ ತುಂಬಾ ಜನ ಮರೀತಾರೆ. "ಹರಿದುಹೋದ ಫೋಟೋ ಜೋಡಿಸೋದು ಇದ್ರಲ್ಲಿಲ್ಲ" ಅಂದ್ರೆ ಒಬ್ರ ಅರ್ಧ ಗಂಟೆ ಉಳೀತು.

ಇನ್ನು ತಾಳ್ಮೆ ವಿಷಯ, ಇದನ್ನ ಬಿಚ್ಚಿ ಹೇಳ್ಬೇಕು, ಯಾಕಂದ್ರೆ ಬಹಳ ಜನ ಬಿಟ್ಟುಹೋಗೋದು ಇಲ್ಲೇ. ಸರ್ಚ್ ಲೆಕ್ಕಾಚಾರ ಮಾಡೋ ಅಹ್ರೆಫ್ಸ್ ಅನ್ನೋ ಕಂಪನಿ 2023ರಲ್ಲಿ ಸುಮಾರು 1,400 ಕೋಟಿ ಪುಟಗಳನ್ನ ನೋಡಿ ಹೇಳಿದ್ದು, ಅವುಗಳಲ್ಲಿ ಶೇಕಡ 96.55ಕ್ಕೆ ಗೂಗಲ್‌ನಿಂದ ಒಬ್ಬ ಓದುಗನೂ ಬರ್ತಿಲ್ಲ ಅಂತ. ಅವರದೇ 2017ರ ಇನ್ನೊಂದು ಲೆಕ್ಕದಲ್ಲಿ, ಹೊಸ ಪುಟಗಳಲ್ಲಿ ಒಂದು ವರ್ಷದೊಳಗೆ ಗೂಗಲ್ ಫಲಿತಾಂಶದ ಮೊದಲ ಹತ್ತರಲ್ಲಿ ಬಂದಿದ್ದು ಶೇಕಡ 5.7 ಮಾತ್ರ, ಮೊದಲ ಹತ್ತರಲ್ಲಿ ಕೂತಿರೋ ಪುಟಗಳ ಸರಾಸರಿ ವಯಸ್ಸು ಎರಡು ವರ್ಷದ ಮೇಲೆ. ಮೊದಲ ಸಲ ಓದಿದಾಗ ನನಗೆ ಎದೆ ಧಸಕ್ ಅಂತು. ಆಮೇಲೆ ಯೋಚನೆ ಮಾಡಿದೆ, ಹಾಕಿದ ಮೂರು ತಿಂಗಳಿಗೆ ಯಾರೂ ಓದ್ತಿಲ್ಲ ಅಂತ ನಾನು ಅಳ್ತಾ ಕೂತಿದ್ದೆನಲ್ಲ, ಆ ಮೂರು ತಿಂಗಳು ಒಂದು ಲೇಖನದ ಪಾಲಿಗೆ ಬರೀ ಬೀಜ ಬಿತ್ತಿದ ಮಾರನೇ ದಿನ. ನನ್ನ ಫೋಟೋ ಲೇಖನಕ್ಕೆ ಹುಡುಕ್ಕೊಂಡು ಬರೋರು ಕಾಣೋಕೆ ಶುರುವಾಗಿದ್ದು ಹಾಕಿದ ಒಂದೂವರೆ ವರ್ಷಕ್ಕೆ. ಅಷ್ಟರಲ್ಲಿ ಅದನ್ನ ನಾನು ಏಳೆಂಟು ಸಲ ತಿದ್ದಿದ್ದೆ.

ತಿದ್ದೋದು. ನನ್ನ ಪ್ರಕಾರ ಬರೆಯೋದಕ್ಕಿಂತ ದೊಡ್ಡ ಕೆಲಸ ಇದು, ಇದರ ಬಗ್ಗೆ ಯಾರೂ ಮಾತಾಡಲ್ಲ. ಪೇಪರಲ್ಲಿ ಬಂದ ಲೇಖನ ಬಂದ ದಿನಾನೇ ಮುಗೀತು. ನಮ್ಮದು ಹಾಗಲ್ಲ, ಓದುಗರು ಇವತ್ತು ಓದಿದ್ರೆ ಅದು ಇವತ್ತಿನ ಲೇಖನ, ಆರು ವರ್ಷದ ಹಿಂದೆ ಬರೆದಿದ್ದು ಅಂತ ಅವರು ರಿಯಾಯಿತಿ ಕೊಡಲ್ಲ, ಕೊಡಬೇಕಾಗೂ ಇಲ್ಲ. ನಾನು ವರ್ಷಕ್ಕೆರಡು ಸಲ ನನ್ನ ಮುಖ್ಯ ಲೇಖನಗಳನ್ನ ಪರಕೀಯನ ಥರ ಓದ್ತೀನಿ, ಫೋನಲ್ಲೇ ಓದ್ತೀನಿ, ಓದುಗರು ಓದೋದು ಅದ್ರಲ್ಲೇ ಅಲ್ವಾ. ಪ್ರತಿ ಲಿಂಕ್ ಒತ್ತಿ ನೋಡ್ತೀನಿ. ಒಂದು ಸಾಫ್ಟ್‌ವೇರ್ ನಿಂತುಹೋಗಿದ್ರೆ ಬರೀ ಅದರ ಹೆಸರು ಬದಲಾಯಿಸಲ್ಲ, ಹೊಸದರಲ್ಲಿ ಇಡೀ ಕೆಲಸ ಮತ್ತೆ ಮಾಡಿ ನೋಡ್ತೀನಿ. ತಪ್ಪು ಬರೆದಿದ್ರೆ, ಒಂದು ಸಲ ಜೆಪೆಗ್ ಅನ್ನೋ ಫೋಟೋ ಫೈಲಿನ ಬಗ್ಗೆ ಬರೆದಿದ್ದೆ, ಬರೀ ತೆರೆದು ನೋಡಿದ್ರೂ ಫೋಟೋ ಕೆಡತ್ತೆ ಅಂತ, ಅದು ತಪ್ಪು, ತಿದ್ದಿ ಮತ್ತೆ ಜೆಪೆಗ್ಗಾಗಿ ಸೇವ್ ಮಾಡಿದಾಗ ಗುಣಮಟ್ಟ ಇಳಿಯತ್ತೆ, ನೋಡಿದ್ರೆ ಏನೂ ಆಗಲ್ಲ, ಅಂಥ ತಪ್ಪನ್ನ ಸದ್ದಿಲ್ಲದೆ ಅಳಿಸಲಿಲ್ಲ, ಇಂಥ ದಿನ ಇಂಥದ್ದು ತಿದ್ದಿದೀನಿ ಅಂತ ಕೆಳಗೆ ಬರೆದೆ. ಕೆಲವರು ಒಳಗೆ ಒಂದಕ್ಷರ ಮುಟ್ಟದೆ ಮೇಲಿನ ತಾರೀಕು ಮಾತ್ರ ಹೊಸದು ಮಾಡ್ತಾರೆ. ದಯವಿಟ್ಟು ಹಾಗೆ ಮಾಡ್ಬೇಡಿ, ಅದು ಓದುಗರಿಗೆ ಹೇಳೋ ಸುಳ್ಳು.

ಆಮೇಲೆ ವಿಳಾಸ. ಲೇಖನದ ಲಿಂಕ್ ಅಂದ್ರೆ ಅದರ ವಿಳಾಸ, ಅದನ್ನ ಬದಲಾಯಿಸಬಾರದು. ವೆಬ್ ಕಂಡುಹಿಡಿದ ಟಿಮ್ ಬರ್ನರ್ಸ್‌ಲೀ ಅವರೇ 1998ರಲ್ಲಿ ಇದನ್ನ ಬರೆದು ಇಟ್ಟಿದಾರೆ, ಒಳ್ಳೆ ವಿಳಾಸ ಬದಲಾಗಲ್ಲ ಅಂತ. ನಾನು ಕೇಳಲಿಲ್ಲ. ಒಂದು ಸಲ ಸೈಟನ್ನ ಬೇರೆ ಹೋಸ್ಟಿಂಗ್‌ಗೆ, ಅಂದ್ರೆ ಸೈಟಿಗೆ ಜಾಗ ಕೊಡೋ ಬೇರೆ ಕಂಪನಿಗೆ ಬದಲಾಯಿಸಿದೆ, ಹಳೇ ಲಿಂಕ್ಗಳು ತಾವಾಗೇ ಹೊಸದಕ್ಕೆ ಹೋಗ್ತವೆ ಅಂತ ಆ ಕಂಪನಿಯೋರು ಹೇಳಿದ್ರು, ನಾನು ನಂಬಿ ಪರೀಕ್ಷೆ ಮಾಡದೇ ಬಿಟ್ಟೆ. ಹೋಗ್ಲಿಲ್ಲ. ಯಾರ್ಯಾರೋ ಎಲ್ಲೆಲ್ಲೋ ನನ್ನ ಲೇಖನದ ಲಿಂಕ್ ಕೊಟ್ಟಿದ್ರು, ಒತ್ತಿದೋರಿಗೆಲ್ಲ "ಪುಟ ಸಿಗಲಿಲ್ಲ" ಅಂತ ಬರೋದು, ನನಗೆ ಗೊತ್ತಾಗಿದ್ದು ಐದು ವಾರ ಆದ್ಮೇಲೆ, ಅದೂ ಒಬ್ಬ ಓದುಗರು ನೊಂದ್ಕೊಂಡು ಬರೆದ ಮೇಲೆ. ಆ ಐದು ವಾರದಲ್ಲಿ ಕೈಯಲ್ಲಿ ಫೋಟೋ ಹಿಡ್ಕೊಂಡು ಬಂದು ವಾಪಸ್ ಹೋದೋರು ಎಷ್ಟು ಜನ ಅಂತ ನೆನೆಸ್ಕೊಂಡ್ರೆ ಈಗ್ಲೂ ಸಂಕಟ ಆಗತ್ತೆ. ಜಾಗ ಬದಲಾಯಿಸಲೇಬೇಕಾದ್ರೆ ಹಳೇ ಪ್ರತಿಯೊಂದು ವಿಳಾಸದಿಂದ ಹೊಸದಕ್ಕೆ 301 ರೀಡೈರೆಕ್ಟ್, ಅಂದ್ರೆ ಹಳೇದನ್ನ ಒತ್ತಿದೋರನ್ನ ತಾನಾಗೇ ಹೊಸದಕ್ಕೆ ಕಳಿಸೋ ಸೂಚನೆ ಹಾಕಿ, ಹಾಕಿದ ಮೇಲೆ ಒಂದೊಂದನ್ನೂ ನೀವೇ ಒತ್ತಿ ನೋಡಿ. ವಿಳಾಸದಲ್ಲಿ ವರ್ಷ, ತಿಂಗಳು ಹಾಕ್ಬೇಡಿ, ನಾಳೆ ತಿದ್ದಿದಾಗ ಅದು ಹಳೇದು ಅಂತ ಕಾಣತ್ತೆ.

ಪ್ಯೂನವರದೇ 2024ರ ವರದಿ ಒಂದಿದೆ, 2013ರಲ್ಲಿ ಇದ್ದ ವೆಬ್ ಪುಟಗಳಲ್ಲಿ ಶೇಕಡ 38 ಹತ್ತು ವರ್ಷ ಆಗೋ ಹೊತ್ತಿಗೆ ಇಲ್ಲ. ಹತ್ತಕ್ಕೆ ಹತ್ತಿರ ಹತ್ತಿರ ನಾಲ್ಕು. ಜಿಯೋಸಿಟೀಸ್ ಅಂತ ಇತ್ತು, ಲಕ್ಷಾಂತರ ಜನ ಅದ್ರಲ್ಲಿ ಪುಟ ಮಾಡ್ಕೊಂಡಿದ್ರು, 2009ರ ಅಕ್ಟೋಬರಲ್ಲಿ ಮುಚ್ಚಿಹೋಯ್ತು. ಬೇರೆ ಬೇರೆ ಬ್ಲಾಗುಗಳ ಹೊಸ ಬರಹಗಳನ್ನ ಒಂದೇ ಕಡೆ ತೋರಿಸ್ತಿದ್ದ ಗೂಗಲ್ ರೀಡರ್ 2013ರ ಜುಲೈಲಿ ಮುಚ್ಚಿದಾಗ ಎಷ್ಟೋ ಬರಹಗಾರರಿಗೆ ನಿತ್ಯ ಓದ್ತಿದ್ದೋರ ಕೊಂಡಿಯೇ ತಪ್ಪಿಹೋಯ್ತು. ಹಾಗಾಗಿ ಬೇರೆಯವರ ಜಾಗದಲ್ಲಿ ಎಷ್ಟೇ ಓದುಗರು ಸಿಗಲಿ, ಮೂಲ ಪ್ರತಿ ನಿಮ್ಮ ಹೆಸರಲ್ಲಿರೋ ಡೊಮೇನಲ್ಲಿ, ಅಂದ್ರೆ ನಿಮ್ಮದೇ ಸೈಟಿನ ವಿಳಾಸದಲ್ಲಿ ಇರಲಿ, ಇನ್ನೊಂದು ಪ್ರತಿ ನಿಮ್ಮ ಡಿಸ್ಕಲ್ಲಿ, ಮತ್ತೊಂದನ್ನ ವೆಬ್ ಪುಟಗಳ ಹಳೇ ಪ್ರತಿ ಕಾಪಾಡೋ ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನಲ್ಲಿ ಸೇವ್ ಮಾಡಿ, ಅದಕ್ಕೆ ದುಡ್ಡು ಕೊಡಬೇಕಾಗಿಲ್ಲ. ಓದುಗರ ಇಮೇಲ್ ಪಟ್ಟಿಯನ್ನೂ ಹಾಗೇ, ಅವರು ಒಪ್ಪಿ ಕೊಟ್ಟಿದ್ದು ಮಾತ್ರ, ನಿಮ್ಮ ಹತ್ರಾನೇ ಇಟ್ಕೊಳ್ಳಿ. ವಾರಕ್ಕೊಂದು ಮೇಲ್ ಕಳಿಸಿ ಕಾಟ ಕೊಡಬೇಡಿ ಮತ್ತೆ, ಹೇಳೋಕೆ ಇದ್ದಾಗ ಮಾತ್ರ ಬರೀರಿ.

ಕೊನೇ ಪ್ರಶ್ನೆ ಕೇಳಿದ್ದು ಹಿಂದೆ ಕೂತಿದ್ದ ಒಬ್ಬ ಹುಡುಗ. ಹೊಸ ಲೇಖನ ಬರೆಯೋದು ಬಿಟ್ಟು ಹಳೇದನ್ನೇ ತಿದ್ದುತ್ತಾ ಕೂತ್ರೆ ಬೇಜಾರಾಗಲ್ವಾ ಅಂತ. ಅವನಿಗೆ ಹೇಳಿದ್ದನ್ನೇ ಇಲ್ಲೂ ಹೇಳ್ತೀನಿ. ಹೋದ ತಿಂಗಳು ಒಬ್ಬರು ಬರೆದಿದ್ರು, ಅವರ ತಾತ ಇರೋ ಒಂದು ಉದ್ದದ ಗ್ರೂಪ್ ಫೋಟೋ ಎಷ್ಟೋ ವರ್ಷ ಕೊಳವೆಯಲ್ಲಿ ಸುತ್ತಿಟ್ಟು ಈಗ ಬಿಚ್ಚೋಕೆ ಹೋದ್ರೆ ಚಟಚಟ ಅನ್ನತ್ತೆ, ಬಿರುಕು ಬಿಡೋ ಹಾಗಿದೆ, ಏನ್ ಮಾಡ್ಲಿ ಅಂತ. ಒತ್ತಿ ಬಿಡಿಸಬೇಡಿ, ತೇವದ ಗಾಳಿಯಲ್ಲಿ ನಿಧಾನವಾಗಿ ಮೆತ್ತಗಾಗೋಕೆ ಬಿಡಬೇಕು, ನೀರು ಫೋಟೋಗೆ ತಾಗಬಾರದು ಅಂತ ಓದಿದೀನಿ, ಅಷ್ಟನ್ನ ಅವರಿಗೆ ಬರೆದೆ, ನಾನಿನ್ನೂ ಮಾಡಿ ನೋಡಿಲ್ಲ ಅನ್ನೋದನ್ನೂ ಬರೆದೆ. ಯಾರಿಗೂ ಬೇಡದ ಹಳೇ ಪ್ರಿಂಟ್ ನಾಲ್ಕು ಹುಡುಕಿ ತಂದು ಬಿಗಿಯಾಗಿ ಸುತ್ತಿ ಇಟ್ಟಿದೀನಿ. ಮುಚ್ಚಳ ಇರೋ ಒಂದು ಡಬ್ಬಿ, ಅದರ ತಳದಲ್ಲಿ ಒದ್ದೆ ಬಟ್ಟೆ, ಮೇಲೊಂದು ಜಾಲರಿ, ಜಾಲರಿ ಮೇಲೆ ಮೊದಲನೇ ಪ್ರಿಂಟ್. ಇವತ್ತು ಬೆಳಗ್ಗೆ ಇಟ್ಟು ಬಂದಿದೀನಿ, ಮನೆಗೆ ಹೋದ ತಕ್ಷಣ ಮುಚ್ಚಳ ತೆಗೆದು ನೋಡ್ಬೇಕು.